ಬೆನ್ನ ಹಿಂದಿನ ಕ್ಲಿಪ್ಪುಗಳು

ಮಂಡಿಪೇಟೆ, ದಾವಣಗೆರೆ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮವಾಗಿದ್ದೇವೆ. ನಿನ್ನ ದೊಡ್ಡಪ್ಪನವರ ಮೊಣಕಾಲು ನೋವು ಮಾತ್ರ ಎಂದಿನಂತೆ ಅವರಿಗಿಂತ ಮೊದಲು ಏಳುತ್ತದೆ.

ನಿನ್ನ ಕಾಗದ ತಲುಪಿ ಎಂಟು ದಿನವಾಯಿತು. ಬರೆಯಲು ಕುಳಿತಾಗಲೆಲ್ಲ ಅದನ್ನು ಮತ್ತೊಮ್ಮೆ ಓದಿ ನಗುವುದು, ನಕ್ಕ ಮೇಲೆ ನಿನ್ನ ಕಡೆಯ ಸಾಲು ಕಣ್ಣಿಗೆ ಬಿದ್ದು ಸುಮ್ಮನಾಗುವುದು, ಇದರಲ್ಲೇ ಉತ್ತರ ತಡವಾಯಿತು. ಚಿತ್ರದುರ್ಗದ ಕೋಟೆಯಲ್ಲಿ ಪತ್ರಿಕೆಗಾಗಿ ಉಡುಪಿನ ಫೋಟೋ ತೆಗೆಯುವಾಗ, ಉಯ್ಯಾಲೆ ಕಂಬದ ಬಳಿ ನಿಮ್ಮ ರೂಪದರ್ಶಿ, ಎರಡು ಸೀರೆಯನ್ನು ಸೇರಿಸಿ ಹೊಲಿದಷ್ಟು ಉದ್ದದ ಬಾಲವಿದ್ದ ಗೌನು ತೊಟ್ಟು, ಸಾಮ್ರಾಜ್ಯವನ್ನೇ ಕಳೆದುಕೊಂಡವಳ ಮುಖಭಾವದಿಂದ ನಿಂತಿದ್ದಾಗ, ಬೆಟ್ಟದ ಗಾಳಿ ಆ ಬಾಲವನ್ನು ಎತ್ತಿ ಪ್ರವಾಸಕ್ಕೆ ಬಂದಿದ್ದ ಶಾಲೆಯ ಮೇಷ್ಟರೊಬ್ಬರ ತಲೆಗೆ ಮುಸುಕು ಹಾಕಿತೆಂದೂ, ಮಕ್ಕಳೆಲ್ಲ ಹೋ ಎಂದು ನಕ್ಕಾಗ ನೀನೂ ತಡೆಯಲಾರದೆ ನಕ್ಕುಬಿಟ್ಟೆಯೆಂದೂ, ಅದಕ್ಕೆ ನಿಮ್ಮ ಹಿರಿಯ ಛಾಯಾಗ್ರಾಹಕರು ನಗು ಬರುವವರಿಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಎಲ್ಲರೆದುರು ಹೇಳಿದರೆಂದೂ ಬರೆದಿದ್ದೀಯ. ‘ದೊಡ್ಡಮ್ಮ, ನಗು ಬಂದರೆ ನಾನು ಈ ಕೆಲಸಕ್ಕೆ ತಕ್ಕವಳಲ್ಲವೇ?’ ಎಂಬುದು ನಿನ್ನ ಕಡೆಯ ಸಾಲು.

ಮದುವೆಯಾಗಿ ಈ ಮನೆಗೆ ಬಂದ ಮರುವರ್ಷದಿಂದ ನಿನ್ನ ದೊಡ್ಡಪ್ಪನವರ ಫೋಟೋ ಸ್ಟುಡಿಯೋದ ಬಾಗಿಲು ಮುಚ್ಚುವವರೆಗೆ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಪರದೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕುಳಿತು ಊರ ಜನರ ಮುಖಗಳನ್ನು ತಿದ್ದಿದವಳು ನಾನು. ಆ ಕೋಣೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಾನು ನಕ್ಕಿರುವಷ್ಟು ನೀನು ಇನ್ನೂ ನಕ್ಕಿರಲಾರೆ. ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ನಮ್ಮ ಸ್ಟುಡಿಯೋದಲ್ಲಿ ಇದ್ದುದು ಒಂದೇ ಕೋಟು. ಹತ್ತಿ ಗಿರಣಿಯ ಗುಮಾಸ್ತರಿಗೂ, ಮಂಡಿಯ ದಲ್ಲಾಳಿಗಳ ಮಕ್ಕಳಿಗೂ, ಹೆಣ್ಣಿನ ಮನೆಗೆ ಫೋಟೋ ಕಳಿಸಬೇಕಾಗಿದ್ದ ಹಳ್ಳಿಯ ಹುಡುಗರಿಗೂ ಅದೇ ಕೋಟು. ಅದರ ಬೆನ್ನ ನಡುವಿನ ಹೊಲಿಗೆಯನ್ನು ನಿನ್ನ ದೊಡ್ಡಪ್ಪನವರು ಮೊದಲೇ ಬಿಚ್ಚಿಸಿಟ್ಟಿದ್ದರು. ದಪ್ಪ ಮೈಯವರಿಗೆ ಹಾಗೆಯೇ ತೊಡಿಸುವುದು, ಸಣಕಲು ಮೈಯವರಿಗೆ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುವುದು. ಸೊಂಟದ ಮೇಲೆ ಕೋಟು, ಟೈ, ಜೇಬಿನಲ್ಲಿ ಮುಚ್ಚಳ ಮಾತ್ರ ಇದ್ದ ಪೆನ್ನು. ಸೊಂಟದ ಕೆಳಗೆ ಮನೆಯಿಂದ ಉಟ್ಟು ಬಂದ ಪಂಚೆ. ಹಿಂದಿನ ಪರದೆಯಲ್ಲಿ ಅರಮನೆಯ ಮೆಟ್ಟಿಲುಗಳು ಸುತ್ತಿಕೊಂಡು ಮೇಲೇರಿ ಯಾವ ಕೋಣೆಯನ್ನೂ ಸೇರದೆ ಮುಗಿಯುತ್ತಿದ್ದವು. ಇಷ್ಟೆಲ್ಲ ಸೇರಿ ಹೊರಬರುತ್ತಿದ್ದ ಫೋಟೋ ಮಾತ್ರ, ಪುಟ್ಟಿ, ನಿಜವಾಗಿಯೂ ಸೊಗಸಾಗಿರುತ್ತಿತ್ತು. ಆ ಹುಡುಗ ತನ್ನ ಬಾಳಿನಲ್ಲಿ ಒಂದೇ ಒಂದು ಸಲ, ಕಾಲು ಸೆಕೆಂಡಿನ ಮಟ್ಟಿಗೆ, ತಾನು ಆಗಬಯಸಿದ ಮನುಷ್ಯನಾಗಿ ಕುಳಿತಿರುತ್ತಿದ್ದ.

ನಿಮ್ಮ ರೂಪದರ್ಶಿಯ ಬೆನ್ನಿಗೆ ನೀನೇ ಹದಿನಾಲ್ಕು ಕ್ಲಿಪ್ಪು ಹಾಕಿದೆ ಎಂದು ಬರೆದಿರುವುದನ್ನು ಓದಿದಾಗ ನನಗೆ ನಮ್ಮ ಕೋಟು ನೆನಪಾಯಿತು. ಶೂಟಿಗೆ ಬರುವ ಉಡುಪು ಒಂದೇ ಅಳತೆಯದು, ತೊಡುವವರ ಮೈ ಬೇರೆ ಅಳತೆಯದು; ನಡುವಿನ ವ್ಯತ್ಯಾಸವನ್ನೆಲ್ಲ ಬೆನ್ನು ಹೊತ್ತುಕೊಳ್ಳಬೇಕು. ಎದುರಿನಿಂದ ಅಪ್ಸರೆ, ಹಿಂದಿನಿಂದ ಬಟ್ಟೆ ಒಣಹಾಕಿದ ತಂತಿ. ಪತ್ರಿಕೆ ಕೊಳ್ಳುವವರಿಗೆ ಎದುರು ಮಾತ್ರ ಕಾಣುತ್ತದೆ, ಅವರು ಬೆರಗಾಗುತ್ತಾರೆ. ಕೋಟೆಗೆ ಬಂದ ಮಕ್ಕಳಿಗೆ ಹಿಂಭಾಗ ಮಾತ್ರ ಕಂಡಿತು, ಅವರು ನಕ್ಕರು. ನಿನಗೆ ಎರಡೂ ಕಾಣುತ್ತವೆ. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಏನು ಮಾಡುತ್ತಾರೆಂದು ನೋಡಿದ್ದೀಯಲ್ಲ? ಮೊಳಕಾಲ್ಮೂರು ರೇಷ್ಮೆಯ ಅಂಚು ಎಷ್ಟೇ ಚೆಂದವಾಗಿದ್ದರೂ ಮೊದಲು ಅದನ್ನು ಮಗುಚಿ ಹಿಂಭಾಗದ ಎಳೆ ನೋಡುತ್ತಾರೆ, ಆಮೇಲೆ ಮತ್ತೆ ತಿರುಗಿಸಿ ಮುಂಭಾಗಕ್ಕೆ ಮನಸೋಲುತ್ತಾರೆ. ಮಗುಚಿ ನೋಡಿದ್ದರಿಂದ ಸೀರೆಯ ಮೇಲಿನ ಆಸೆ ಕಡಿಮೆಯಾದ ಹೆಂಗಸನ್ನು ನಾನಂತೂ ಕಂಡಿಲ್ಲ.

ಇನ್ನು ನನ್ನ ಕಸುಬಿನ ವಿಷಯ. ಆಗ ಫೋಟೋಗಳನ್ನು ನೆಗೆಟಿವ್ ಎಂಬ ಫಿಲ್ಮಿನಿಂದ ಅಚ್ಚು ತೆಗೆಯುತ್ತಿದ್ದರು. ನೆಗೆಟಿವ್‌ನಲ್ಲಿ ಕರಿಯದು ತಿಳಿಯಾಗಿ, ಬಿಳಿಯದು ಕಪ್ಪಾಗಿ ಕಾಣುತ್ತದೆ. ಮುಖದ ಸುಕ್ಕು ಅಲ್ಲಿ ತಿಳಿಗೆರೆಯಾಗಿರುತ್ತದೆ; ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಆ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯವಾಗುತ್ತದೆ. ಕೈ ಪಳಗಿದ ಹೊಸತರಲ್ಲಿ ನನಗೆ ಇದರ ಹುಚ್ಚು ಹತ್ತಿತ್ತು. ಹಳ್ಳಿಯ ಹಿರಿಯರೊಬ್ಬರ ಸುಕ್ಕನ್ನೆಲ್ಲ ತುಂಬಿದ್ದಲ್ಲದೆ, ಕೆನ್ನೆಯ ಮೇಲಿದ್ದ ಮಚ್ಚೆಯನ್ನು ಧೂಳಿನ ಕಲೆಯೆಂದು ತಿಳಿದು ಅದನ್ನೂ ಅಳಿಸಿಬಿಟ್ಟೆ. ಅವರು ಫೋಟೋವನ್ನು ಬಹಳ ಹೊತ್ತು ನೋಡಿ, ‘ತಾಯೀ, ಇದು ನಾನಲ್ಲ, ನನ್ನ ತಮ್ಮ. ಅವನಿಗೂ ನನಗೂ ಹೊಲದ ವ್ಯಾಜ್ಯ ನಡೆದಿದೆ, ಈ ಫೋಟೋ ನನ್ನ ಮನೆಯ ಗೋಡೆಗೆ ಬೇಡ’ ಎಂದು ಹೊರಟುಹೋದರು. ನಿನ್ನ ದೊಡ್ಡಪ್ಪನವರು ಆ ದಿನವೆಲ್ಲ ನಕ್ಕರು, ಹಣವನ್ನೂ ಹಿಂದಿರುಗಿಸಿದರು.

ಆ ಅನುಭವವಾದ ಮೇಲೆ ಯಾವ ಚಿತ್ರ ನೋಡಿದರೂ ಇಲ್ಲಿ ಏನನ್ನು ತಿದ್ದಿದ್ದಾರೆ, ಏನನ್ನು ಉಳಿಸಿದ್ದಾರೆ ಎಂದು ಹುಡುಕುವುದು ನನಗೆ ಚಟವಾಯಿತು. ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಒಮ್ಮೆ ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡನ್ ಅವರ ಚಿತ್ರ ಸಿಕ್ಕಿತು. 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ತೆಗೆದದ್ದು. ಡೊವಿಮಾ ಎಂಬ ರೂಪದರ್ಶಿ ಡಿಯೋರ್ ಎಂಬ ಉಡುಪು ಸಂಸ್ಥೆಯ ಕಪ್ಪು ಗೌನು ತೊಟ್ಟು, ಸೊಂಟದಿಂದ ಬಿಳಿ ರೇಷ್ಮೆಯ ಪಟ್ಟಿ ಇಳಿಬಿಟ್ಟು, ಆನೆಗಳ ನಡುವೆ ಕೈ ಚಾಚಿ ನಿಂತಿದ್ದಾಳೆ. ನೋಡಿದೊಡನೆ ನನಗೆ ನಗು ಬಂತು. ನಮ್ಮಲ್ಲಿ ಆನೆ ಸೊಂಡಿಲೆತ್ತಿ ಮನುಷ್ಯರಿಗೆ ಆಶೀರ್ವಾದ ಮಾಡುತ್ತದೆ. ಇವಳು ಆನೆಗಳಿಗೇ ಆಶೀರ್ವಾದ ಮಾಡುತ್ತಿರುವಂತಿದ್ದಳು. ಎರಡನೆಯ ಸಲ ನೋಡಿದಾಗ ಆನೆಗಳ ಕಾಲಿನ ಸರಪಳಿ ಕಂಡಿತು, ನಗು ಸ್ವಲ್ಪ ತಗ್ಗಿತು. ಮೂರನೆಯ ಸಲ ನನ್ನ ಪೆನ್ಸಿಲ್ ಕಣ್ಣು ಎಚ್ಚರವಾಯಿತು: ಆನೆಯ ಚರ್ಮದ ಸುಕ್ಕು ಒಂದನ್ನೂ ಯಾರೂ ಮುಟ್ಟಿಲ್ಲ! ಆ ಸಾವಿರ ಸುಕ್ಕುಗಳ ಪಕ್ಕದಲ್ಲಿ ನಿಂತದ್ದರಿಂದಲೇ ಆ ರೇಷ್ಮೆ ಅಷ್ಟು ನಯವಾಗಿ ಕಾಣುತ್ತದೆ. ಜಗತ್ತೆಲ್ಲ ಕೊಂಡಾಡಿದ ಆ ಚಿತ್ರದಲ್ಲಿ ಸೊಂಟದ ಪಟ್ಟಿ ತಾನು ಬಯಸಿದಂತೆ ಬೀಳಲಿಲ್ಲವೆಂದು ಅವೆಡನ್ ಕಡೆಯವರೆಗೂ ಗೊಣಗುತ್ತಿದ್ದರಂತೆ. ಮದುವೆಯ ಊಟ ಮುಗಿದು ಹತ್ತು ವರ್ಷವಾದರೂ ಸಾರಿಗೆ ಉಪ್ಪು ಕಡಿಮೆಯಾಗಿತ್ತೆಂದು ಕೊರಗುವ ನಮ್ಮ ಅಡಿಗೆ ಭಟ್ಟರ ಜಾತಿಯವರು ಅವರು.

ನನಗೆ ಅದಕ್ಕಿಂತಲೂ ಪ್ರಿಯವಾದದ್ದು ಛಾಯಾಗ್ರಾಹಕ ಫಿಲಿಪ್ ಹಾಲ್ಸ್‌ಮನ್ 1948ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯವರನ್ನು ತೆಗೆದ ಚಿತ್ರ. ಅದರಲ್ಲಿ ಡಾಲಿ ಕುಪ್ಪಳಿಸಿದ್ದಾರೆ, ಮೂರು ಬೆಕ್ಕುಗಳು ಹಾರುತ್ತಿವೆ, ನೀರು ಬಿಲ್ಲಿನಂತೆ ಬಾಗಿದೆ, ಕುರ್ಚಿ ನೆಲ ಬಿಟ್ಟು ನಿಂತಿದೆ. ಸಹಾಯಕರು ಎಣಿಕೆಗೆ ಸರಿಯಾಗಿ ಬೆಕ್ಕು ಎಸೆಯಬೇಕು, ಬಕೆಟ್ಟಿನ ನೀರು ಎರಚಬೇಕು, ಡಾಲಿ ಹಾರಬೇಕು. ಅದಾದ ಮೇಲೆ ನೆಲ ಒರೆಸಿ, ಬೆಕ್ಕುಗಳನ್ನು ಹಿಡಿದು ತಂದು ಮತ್ತೆ ಮೊದಲಿನಿಂದ ಶುರು. ಹೀಗೆ 28 ಸಲ ಆಯಿತಂತೆ. ಆ ಕೋಣೆಯಲ್ಲಿ ಒಬ್ಬರಾದರೂ ನಗದೆ ಇದ್ದಿರಬಹುದೆಂದು ನಾನು ನಂಬುವುದಿಲ್ಲ. ಆದರೂ ಎಲ್ಲರೂ ಇಪ್ಪತ್ತೆಂಟು ಸಲ ನೆಲ ಒರೆಸಿದ್ದಾರೆ. ಗಾಳಿಯಲ್ಲಿ ನಿಂತಿರುವ ಆ ಕುರ್ಚಿಯನ್ನು ಎತ್ತಿ ಹಿಡಿದಿದ್ದವರು ಹಾಲ್ಸ್‌ಮನ್ ಅವರ ಹೆಂಡತಿ ಇವೊನ್. ಅವರ ಕೈಯನ್ನು ಚಿತ್ರದಿಂದ ಆಮೇಲೆ ಅಳಿಸಿದರು. ಇದನ್ನು ಓದಿ ಹೇಳಿದಾಗ ನಿನ್ನ ದೊಡ್ಡಪ್ಪನವರು ಮಾತು ಬದಲಿಸಿ ಕಾಫಿ ಕೇಳಿದರು.

ಉಡುಪು ಮಾಡುವವರಲ್ಲೂ ನಗೆಗಾರರಿದ್ದಾರೆ. ಎಲ್ಸಾ ಸ್ಕ್ಯಾಪರೆಲ್ಲಿ ಎಂಬಾಕೆ ಇದೇ ಡಾಲಿಯವರ ಜೊತೆ ಸೇರಿ 1937ರ ಸುಮಾರಿಗೆ ಹೆಣ್ಣುಮಕ್ಕಳ ಬೂಟನ್ನು ಬೋರಲು ಹಾಕಿದಂಥ ಟೋಪಿಯನ್ನು ಮಾಡಿದರು. ಸಿರಿವಂತ ಹೆಂಗಸರು ಅದನ್ನು ತಲೆಗೇರಿಸಿಕೊಂಡು ಓಡಾಡಿದರು. ನಮ್ಮ ಊರಿನಲ್ಲಿ ಯಾರ ತಲೆಗಾದರೂ ಕೆರ ತಾಗಿದ್ದರೆ ಪಂಚಾಯಿತಿ ಸೇರುತ್ತಿತ್ತು. ನಗೆಗೂ ಅದರದೇ ಊರು, ಸೀಮೆ ಇರುತ್ತವೆ. ನಿಮ್ಮವರು ಹೊರಗಿನ ಪತ್ರಿಕೆಯ ತಮಾಷೆಯನ್ನು ಹಾಗೆಯೇ ತಂದು ಕೋಟೆಯ ಏಕನಾಥೇಶ್ವರಿಯ ಗುಡಿಯೆದುರು ನಿಲ್ಲಿಸಲು ಹೊರಟರೆ, ಅದು ಇಲ್ಲಿ ಹೇಗೆ ಕಾಣುತ್ತದೆಂದು ಹೇಳಬೇಕಾದವಳು ಈ ಸೀಮೆಯ ನೀನೇ.

ಚಿತ್ರವನ್ನು ನಗುಗಣ್ಣಿನಿಂದ ನೋಡುವುದಕ್ಕೆ ಮೊದಲು ಕಣ್ಣಿಗೆ ಕೆಲಸ ಗೊತ್ತಿರಬೇಕು. ರೂಪದರ್ಶಿಯ ಸೊಂಟದ ಮೇಲೆ ಬಿಂದಿಗೆ ಇಟ್ಟಿರುತ್ತಾರಲ್ಲ, ಆಗ ಮುಖ ನೋಡಬೇಡ, ನಡು ನೋಡು. ತುಂಬಿದ ಕೊಡ ಹೊತ್ತವಳ ಮೈ ಇನ್ನೊಂದು ಕಡೆಗೆ ವಾಲುತ್ತದೆ, ಆ ಕಡೆಯ ಕೈ ಗಾಳಿಯಲ್ಲಿ ತೂಗುತ್ತದೆ. ಖಾಲಿ ಬಿಂದಿಗೆಯವಳು ದೀಪದ ಕಂಬದಂತೆ ನೆಟ್ಟಗಿರುತ್ತಾಳೆ. ಪ್ರಯಾಣಕ್ಕೆ ಹೊರಟವಳ ಸೂಟ್‌ಕೇಸಿನಲ್ಲಿ ಏನೂ ಇಲ್ಲವೆಂಬುದನ್ನು ಅವಳ ಭುಜವೇ ಹೇಳಿಬಿಡುತ್ತದೆ. ಕೂದಲು ಎಡಕ್ಕೂ ಸೆರಗು ಬಲಕ್ಕೂ ಹಾರುತ್ತಿದ್ದರೆ, ಒಂದಕ್ಕೆ ಫ್ಯಾನಿನ ಗಾಳಿ, ಇನ್ನೊಂದಕ್ಕೆ ಕಣ್ಣಿಗೆ ಕಾಣದ ದಾರ ಎಂದು ತಿಳಿ. ಚಳ್ಳಕೆರೆಯ ಕರಿ ಕಂಬಳಿಯನ್ನು ನಡುಮಧ್ಯಾಹ್ನ ಹೊದ್ದು ನಿಂತ ಹುಡುಗ ತಣ್ಣಗೆ ಕಾಣುತ್ತಿದ್ದರೆ, ಅವನ ಹಣೆಯನ್ನು ಯಾರೋ ಈಗಷ್ಟೇ ಒರೆಸಿ ಓಡಿದ್ದಾರೆ, ಬಹುಶಃ ನೀನೇ. ಇವನ್ನೆಲ್ಲ ಕಂಡು ನಗುವವಳಿಗೆ, ಭಾರವೇ ಇಲ್ಲದ ಬಿಂದಿಗೆಗೆ ತನ್ನ ಮೈಯಿಂದಲೇ ಭಾರ ತುಂಬಬಲ್ಲ ರೂಪದರ್ಶಿ ಎಂದಾದರೂ ಎದುರಾದರೆ, ಅವಳ ಬೆಲೆ ತಕ್ಷಣ ತಿಳಿಯುತ್ತದೆ. ಓಬವ್ವನ ಕಿಂಡಿಯ ಬಳಿ ಒನಕೆಯೇ ಇಲ್ಲದೆ ಒನಕೆ ಎತ್ತಿದ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುವವರನ್ನು ನೋಡಿರಬಹುದು. ಹತ್ತು ಜನರಲ್ಲಿ ಒಂಬತ್ತು ಜನ ಗಾಳಿಗೆ ಕೈ ಎತ್ತಿರುತ್ತಾರೆ. ಹತ್ತನೆಯವಳು ಯಾವುದೋ ಹಳ್ಳಿಯ ಅಜ್ಜಿ, ಅವಳ ಬರಿಗೈಯಲ್ಲಿ ಒನಕೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ, ನಾನು ನಗಬಾರದ ಕಡೆ ನಕ್ಕ ಸಂಗತಿಯನ್ನೂ ಹೇಳದಿದ್ದರೆ ಈ ಕಾಗದ ಅರ್ಧ ಸುಳ್ಳಾಗುತ್ತದೆ. ನಮ್ಮ ಸ್ಟುಡಿಯೋದ ಮೇಜಿನ ಮೇಲೆ ತಂತಿಯಿಲ್ಲದ ಪ್ಲಾಸ್ಟಿಕ್ ಟೆಲಿಫೋನೊಂದಿತ್ತು. ಒಂದು ಸಂತೆಯ ದಿನ ಒಬ್ಬ ಹೆಣ್ಣುಮಗಳು ಒಬ್ಬಳೇ ಬಂದಳು. ಇಳಕಲ್ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ, ಮಡಿಲಲ್ಲಿ ಗಂಟು ಕಟ್ಟಿ ತಂದ ದುಡ್ಡು. ಫೋನಿನಲ್ಲಿ ಮಾತಾಡುವಂತೆ ಫೋಟೋ ಬೇಕೆಂದಳು. ಕುಳಿತು, ರಿಸೀವರನ್ನು ತಲೆಕೆಳಗಾಗಿ ಹಿಡಿದು, ಗಂಭೀರವಾಗಿ ಕಿವಿಗೊಟ್ಟಳು. ಪರದೆಯ ಸಂದಿಯಿಂದ ನೋಡುತ್ತಿದ್ದ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ. ರಿಸೀವರನ್ನು ಮೆಲ್ಲಗೆ ಕೆಳಗಿಟ್ಟು, ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ‘ಹಿಂಗೇ ತೆಗೀರಿ’ ಎಂದಳು. ಮುಂಗಡ ಕೊಟ್ಟು ಹೋದವಳು ಫೋಟೋ ಒಯ್ಯಲು ಬರಲೇ ಇಲ್ಲ. ನಿನ್ನ ದೊಡ್ಡಪ್ಪನವರು ನನಗೆ ಒಂದು ಮಾತೂ ಅನ್ನಲಿಲ್ಲ, ಮರುದಿನ ಆ ಫೋನನ್ನು ಅಟ್ಟಕ್ಕೆ ಹಾಕಿದರು. ಆ ಹಿರಿಯರ ಮಚ್ಚೆಯ ವಿಷಯದಲ್ಲಿ ನಾವು ನಕ್ಕದ್ದು ನನ್ನ ಕೆಲಸವನ್ನು ಕುರಿತು. ಇಲ್ಲಿ ನಾನು ನಕ್ಕದ್ದು ಅವಳ ಆಸೆಯನ್ನು ಕುರಿತು.

ಕೋಟೆಯಲ್ಲಿ ನೀನು ನಕ್ಕದ್ದು ಯಾವ ಬಗೆಯದೆಂದು ನಿನ್ನ ಕಾಗದದಿಂದಲೇ ನನಗೆ ಗೊತ್ತಾಯಿತು. ನಗುತ್ತಲೇ ಓಡಿಹೋಗಿ ಮೇಷ್ಟರ ತಲೆಯಿಂದ ಬಟ್ಟೆ ಬಿಡಿಸಿದೆ, ಕಲ್ಲಿನ ಮೇಲೆ ಮುಗ್ಗರಿಸದಂತೆ ರೂಪದರ್ಶಿಯ ಕೈ ಹಿಡಿದೆ, ಆಕೆಯೂ ನಕ್ಕಳು ಎಂದು ನೀನೇ ಬರೆದಿದ್ದೀಯ. ಆಕೆ ನಕ್ಕಳೆಂಬುದೇ ನನಗೆ ಸಾಕು. 1993ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ನವೋಮಿ ಕ್ಯಾಂಪ್‌ಬೆಲ್ ಎಂಬ ಹೆಸರಾಂತ ರೂಪದರ್ಶಿ, ಉಡುಪು ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಅವರ ಅಟ್ಟಣಿಗೆಯಂಥ ಬೂಟು ತೊಟ್ಟು ಎಲ್ಲರೆದುರು ಬಿದ್ದಾಗ, ಬಿದ್ದಲ್ಲೇ ಕುಳಿತು ನಕ್ಕರು. ಆ ಬೂಟುಗಳನ್ನು ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಆದರೆ ನಿಮ್ಮ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ಪುರಾತತ್ವ ಇಲಾಖೆಯ ಅನುಮತಿ ಪಡೆದು, ಬೆಂಗಳೂರಿನಿಂದ ಜನ, ಸಾಮಾನು ಹೊರಿಸಿಕೊಂಡು ಬಂದವರಿಗೆ, ಆ ಬಂಡೆಗಳ ಮೇಲೆ ಸಂಜೆಯ ಒಳ್ಳೆಯ ಬೆಳಕು ಸಿಗುವುದು ಅರ್ಧ ಗಂಟೆಯಷ್ಟೇ. ನಿನ್ನ ನಗು ಅದರಲ್ಲಿ ಎರಡು ನಿಮಿಷ ತಿಂದಿತು. ನನಗೆ ಪರದೆಯ ಹಿಂದೆ ಕೋಣೆಯಿತ್ತು, ನಿನಗೆ ಬಯಲಿನಲ್ಲಿ ಅದಿಲ್ಲ. ಷಟರ್ ಬಿದ್ದ ಮೇಲೆ ನಗುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಅವರ ಬಳಿ ಹೋಗಿ, ಸಮಯ ಹಾಳಾದುದಕ್ಕೆ ಕ್ಷಮೆ ಕೇಳು. ನಕ್ಕದ್ದಕ್ಕೆ ಕೇಳಬೇಡ. ಇವೆರಡನ್ನೂ ಬೇರೆ ಬೇರೆಯಾಗಿಯೇ ಹೇಳು, ಸಿಟ್ಟಿಲ್ಲದೆ ಹೇಳು. ಅವರು ನಿಜವಾಗಿ ಕಣ್ಣುಳ್ಳವರಾಗಿದ್ದರೆ, ಮೇಷ್ಟರ ಮುಸುಕಿನ ಕ್ಷಣದಲ್ಲಿ ಅವರ ಬೆರಳು ತಾನಾಗಿಯೇ ಗುಂಡಿ ಒತ್ತಿರುತ್ತದೆ; ಮೂವತ್ತು ವರ್ಷ ಛಾಯಾಗ್ರಾಹಕನ ಜೊತೆ ಬಾಳಿದವಳು ಹೇಳುತ್ತಿದ್ದೇನೆ.

ಹಾಗೆ ಒತ್ತಿದ್ದರೆ ಆ ಚಿತ್ರವನ್ನು ಪತ್ರಿಕೆಯವರು ಹಾಕುವುದಿಲ್ಲ. ಒಂದು ಪ್ರಿಂಟು ಕೇಳಿ ಪಡೆದು ನನಗೆ ಕಳಿಸು, ಏನನ್ನೂ ತಿದ್ದಿಸಬೇಡ. ಸಾಧ್ಯವಾದರೆ ಆ ಮೇಷ್ಟರ ಶಾಲೆಯ ಹೆಸರನ್ನೂ ವಿಚಾರಿಸು. ಅವರಿಗೂ ಒಂದು ಪ್ರತಿ ಹೋಗಬೇಕು. ಮುಂದಿನ ಸಲ ದುರ್ಗಕ್ಕೆ ಬಂದಾಗ ಇಲ್ಲಿಗೆ ಅರವತ್ತು ಕಿಲೋಮೀಟರ್ ಅಷ್ಟೇ ಎಂಬುದನ್ನು ಮರೆಯದೆ ಬಂದುಹೋಗು. ಕೋಟು ಇನ್ನೂ ಇದೆ. ನಿನ್ನ ದೊಡ್ಡಪ್ಪನವರ ಮೈಗೆ ಈಗ ನಾಲ್ಕು ಕ್ಲಿಪ್ಪು ಬೇಕಾಗುತ್ತದೆ, ನೀನು ಬಂದು ಹಾಕಿ ತೋರಿಸು.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಮ್ಮ