ಅನಂತಸ್ವಾಮಿಯವರಿಗೂ, ನಿಮಗೆಲ್ಲರಿಗೂ

ರಾಜ್ಯೋತ್ಸವದ ದಿನ ನಮ್ಮ ಬೀದಿಯ ಬಾವುಟದ ಕಟ್ಟೆ ಮುಂದೆ ನಮ್ಮ ಮನೆಯವರು ನಾಡಗೀತೆಯನ್ನು ಪೂರ್ತಿ ಹಾಡಿದ್ದನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಅವತ್ತಿನಿಂದ ಫೋನು ಬಿಡುವಿಲ್ಲ. "ಮೇಷ್ಟ್ರು ಪೂರ್ತಿ ಹುಷಾರಾದ್ರಂತೆ?" ಎಂದು ಕೇಳುವವರೇ ಎಲ್ಲ. ಪೂರ್ತಿ ಹುಷಾರಾಗಿಲ್ಲ. ಆದರೂ ಥ್ಯಾಂಕ್ಸ್ ಹೇಳುವಷ್ಟು ದೂರ ಬಂದಿದ್ದೇವೆ. ಅವರ ಪರವಾಗಿ ನಾನು ಬರೆಯುತ್ತಿದ್ದೇನೆ, ಅವರು ಪಕ್ಕದಲ್ಲಿ ಕೂತು ಕೇಳಿಸಿಕೊಂಡು ತಲೆಯಾಡಿಸುತ್ತಿದ್ದಾರೆ.

ಮೊದಲ ಥ್ಯಾಂಕ್ಸ್ ಎದುರು ಮನೆಯ ಆಟೋದವರಿಗೆ. ಪಾರ್ಶ್ವವಾಯು ಹೊಡೆದ ರಾತ್ರಿ ಇವರ ಬಾಯಿ ಓರೆಯಾಗಿ ಬಲಗೈ ಜೋತುಬಿದ್ದಾಗ, ನಿಂಬೆಹಣ್ಣು ತಿಕ್ಕೋಣ, ಬೆಳಿಗ್ಗೆ ನೋಡೋಣ ಅಂದವರೂ ಇದ್ದರು. ಈ ಹುಡುಗ ಯಾರ ಮಾತನ್ನೂ ಕೇಳದೆ ಎತ್ತಿ ಕೂರಿಸಿಕೊಂಡು ಹೊರಟೇಬಿಟ್ಟ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಅದರೊಳಗೆ ಇದ್ದೆವು. ಜೀವ ಉಳಿಯಿತು, ನಡಿಗೆ ಬಂತು. ಮಾತು ಮಾತ್ರ ಹೋಯಿತು.

ಡಾಕ್ಟರು ಇದಕ್ಕೆ ಅಫೇಸಿಯಾ ಅಂದರು. ನಾವು ಹೇಳಿದ್ದು ತಿಳಿಯುತ್ತೆ, ಮನಸ್ಸಿನಲ್ಲಿ ಇರೋದು ಬಾಯಿಗೆ ಬರಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ "ಅದು", ಮಗಳಿಗೆ ಫೋನ್ ಹಚ್ಚಬೇಕಾದರೂ "ಅದು, ಅದು". ಇಡೀ ಸರ್ವೀಸು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ಮನುಷ್ಯ. ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ಒಂದು ಮಧ್ಯಾಹ್ನ ಮಂಡ್ಯದಿಂದ ಬಂದಿದ್ದ ನನ್ನ ನಾದಿನಿ ಮೊಬೈಲಿನಲ್ಲಿ ಸುಗಮ ಸಂಗೀತದ ಮೈಸೂರು ಅನಂತಸ್ವಾಮಿಯವರ ಹಾಡು ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. 'ಜೋಗದ ಸಿರಿ ಬೆಳಕಿನಲ್ಲಿ' ಶುರುವಾಯಿತು. ಇವರೂ ಶುರುವಾದರು. ಬರಿಯ ರಾಗವಲ್ಲ, ಅಕ್ಷರ ಅಕ್ಷರವೂ ಸ್ಪಷ್ಟ. ನಾದಿನಿ ಸೆರಗು ಬಾಯಿಗೆ ಹಿಡಿದು ಅತ್ತಳು, ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುತ್ತೇನೆಂದು ಅಲ್ಲೇ ಹರಕೆ ಹೊತ್ತಳು. ಹಾಡು ಮುಗಿಯಿತು. ಏನೋ ಹೇಳಲು ನನ್ನ ಕಡೆ ತಿರುಗಿದರು. "ಅದು" ಅಂದರು.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಮೈಸೂರಿನವರಿಗೆಲ್ಲ ಗೊತ್ತು, 1965ರಿಂದಲೂ ಇದೆ. ಅಲ್ಲಿ ಇವರಿಗೆ ಮಾತು ಕಲಿಸಿದ ಹುಡುಗಿಗೆ ನನ್ನ ಮಗಳಷ್ಟೇ ವಯಸ್ಸು. ಇದು ಪವಾಡವಲ್ಲ ಅಮ್ಮ, ಎಂದು ಅವಳೇ ಬಿಡಿಸಿ ಹೇಳಿದಳು: ಮಾತಿನ ಕೆಲಸ ಹೆಚ್ಚಿನವರಲ್ಲಿ ಎಡ ಮೆದುಳಿನದು, ರಾಗದ ಕೆಲಸದಲ್ಲಿ ಬಲ ಭಾಗದ ಪಾಲು ದೊಡ್ಡದು, ಬಾಯಿಪಾಠವಾದ ಹಾಡು ಆ ದಾರಿಯಲ್ಲಿ ಹೊರಗೆ ಬರುತ್ತೆ. ಹಾಡು ಬಂತೆಂದರೆ ಮಾತು ಬಂತೆಂದಲ್ಲ. ಆದರೆ ಆ ದಾರಿ ಹಿಡಿದು ಮಾತನ್ನು ಎಳೆದು ತರಬಹುದು. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಪದ್ಧತಿಯಂತೆ. ಎಡಗೈಯಲ್ಲಿ ಮೇಜು ತಟ್ಟುತ್ತಾ "ನೀ-ರು ಬೇ-ಕು" ಅಂತ ರಾಗವಾಗಿ ಹೇಳಿಸುವುದು, ಆಮೇಲೆ ರಾಗವನ್ನು ಒಂದೊಂದು ಚೂರೇ ಕಳಚುವುದು. ತಾಳ್ಮೆಯೆಂದರೆ ಏನೆಂದು ಆ ಹುಡುಗಿಯನ್ನು ನೋಡಿ ಕಲಿಯಬೇಕು. ಕಾಫಿ ಕೇಳುವಾಗ ಇವರಿಗೆ ಈಗಲೂ ರಾಗ ಪೂರ್ತಿ ಕಳಚಿಲ್ಲ. ನನಗೇನೂ ಬೇಜಾರಿಲ್ಲ.

ಅನಂತಸ್ವಾಮಿಯವರೇ ಏಕೆ ಒಳಗೆ ಅಷ್ಟು ಗಟ್ಟಿಯಾಗಿ ಕೂತಿದ್ದರು ಎನ್ನುವುದಕ್ಕೆ ನಮ್ಮ ಮನೆಯ ಚರಿತ್ರೆ ಹೇಳಬೇಕು. ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿಯವರು ರಾಗ ಹಾಕಿ 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟು ಮದುವೆಗೆ ಮೊದಲೇ ಇವರ ಆಸ್ತಿ. ಗಣೇಶನ ಪೆಂಡಾಲಿನಲ್ಲಿ ಅನಂತಸ್ವಾಮಿಯವರ ಹಾಡು ಅಂದರೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಸಂಜೆಯೇ ಹೊರಡುವವರು. ಹಳ್ಳಿ ಮಂಡ್ಯದ ಕಡೆಯದಾದ್ದರಿಂದ ರಾಜರತ್ನಂ ಅವರ 'ರತ್ನನ ಪದಗಳ' ಕುಡುಕ ರತ್ನ ಇವರಿಗೆ ನೆಂಟನಿದ್ದಂತೆ. ಕುಡುಕನ ಪದ ಹಾಡುವಾಗ ಬೇರೆಯವರು ತೂರಾಡಿ ನಗಿಸುತ್ತಾರೆ, ಅನಂತಸ್ವಾಮಿ ಆ ಕುಡುಕನ ಮರ್ಯಾದೆ ಕಾಪಾಡುತ್ತಾರೆ ಎನ್ನುವುದು ಇವರ ವಾದ.

ನಾನು ಅಶ್ವತ್ಥ್ ಪಾರ್ಟಿ. ಆ ಎತ್ತರದ ಕಂಠಕ್ಕೆ ಸಮ ಯಾವುದಿದೆ? ನಾಡಗೀತೆಗೆ ಈ ಇಬ್ಬರಲ್ಲಿ ಯಾರ ಧಾಟಿ ಎಂದು ನಾಡೆಲ್ಲ ಜಗಳವಾಡುತ್ತಿದ್ದಾಗ ನಮ್ಮ ಅಡುಗೆಮನೆಯಲ್ಲೂ ಆಡಿದ್ದೇವೆ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ, ಎರಡೂವರೆ ನಿಮಿಷಕ್ಕೆ, ಗೊತ್ತುಮಾಡಿದಾಗ ಇವರು ಹೋಳಿಗೆ ಮಾಡು ಅಂದರು. ನಾನು ಉಪ್ಪಿಟ್ಟು ಮಾಡಿದೆ.

ಈಗ ಒಪ್ಪುತ್ತೇನೆ, ಅರ್ಧ. ಅನಂತಸ್ವಾಮಿಯವರ ರಾಗ ಪದವನ್ನು ದಾಟಿ ಓಡುವುದಿಲ್ಲ. ಎಲ್ಲಿ ಉಸಿರು ಬೇಕೋ ಅಲ್ಲಿ ಸಾಲು ನಿಲ್ಲುತ್ತೆ. ಸ್ಕೂಲು ಹುಡುಗರೂ ಹಾಡಬಹುದು, ಕಂಠವೇ ಇಲ್ಲದ ಸಮಾಜದ ಮೇಷ್ಟ್ರೂ ಹಾಡಬಹುದು. ಅಶ್ವತ್ಥರನ್ನು ನಾವು ಕೂತು ಕೇಳಿದೆವು, ಅನಂತಸ್ವಾಮಿಯವರನ್ನು ನಾವೇ ಹಾಡಿಕೊಂಡೆವು. ಹಾಡಿಕೊಂಡದ್ದಕ್ಕೇ ಇರಬೇಕು, ಉಳಿಯಿತು. ಅವರು ತೀರಿಕೊಂಡದ್ದು 1995ರ ಜನವರಿಯಲ್ಲಿ. ಅವರ ಹಾಡುಗಳನ್ನು ಹೊತ್ತು ತಿರುಗಿದ ಮಗ ರಾಜು 2009ರಲ್ಲಿ ಹೋದರು. ಈ ಥ್ಯಾಂಕ್ಸನ್ನು ಅವರಿಬ್ಬರಿಗೆ ಯಾವ ವಿಳಾಸಕ್ಕೆ ಕಳಿಸಲಿ?

ಉಳಿದವರು ಕೈಗೆ ಸಿಗುತ್ತೀರಿ. ವಾರವಾರ ರೈಲು ಹತ್ತಿ ಬಂದು ನನಗೆ ನಿದ್ದೆ ಮಾಡಲು ಬಿಟ್ಟ ನಾದಿನಿ (ಮೆಟ್ಟಿಲು ಹತ್ತಿಯೂ ಬಂದಳು). ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ ವಾಕಿಂಗ್ ಗೆಳೆಯರು. ಎಲ್ಲೆಲ್ಲಿಂದಲೋ ಹಳೆಯ ಹಾಡು ಹುಡುಕಿ ಕಳಿಸಿದ ಹಳೇ ವಿದ್ಯಾರ್ಥಿಗಳು. ದುಡ್ಡು ಕೊಟ್ಟು, ಯಾರಿಗೂ ಹೇಳಬೇಡಿ ಅಂದವರು, ಹೇಳುತ್ತಿಲ್ಲ.

ಮನೆಗೆ ಬನ್ನಿ, ಸಂಜೆ ಆರರ ಮೇಲೆ ಇರುತ್ತೇವೆ. ಒಂದೇ ಕೋರಿಕೆ. ಇವರು ಪದಕ್ಕೆ ತಡಕಾಡುವಾಗ ನೀವು ಹೇಳಿ ಮುಗಿಸಿಬಿಡಬೇಡಿ. ಕಿವಿ ಸರಿಯಾಗಿದೆ, ಜೋರಾಗಿ ಕೂಗುವುದೂ ಬೇಡ. ನನ್ನ ಕಡೆ ನೋಡಿ "ಏನಂತೆ?" ಎನ್ನಬೇಡಿ, ಅವರನ್ನೇ ಕೇಳಿ. ಸ್ವಲ್ಪ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಕಾಫಿ ಬರುತ್ತೆ.