ಬಾಡಿಗೆ ಮೋಟಾರ್‌ಹೋಮ್‌ನ ಸಿಡಿದ ಟೈರ್ ಹಾಗೂ ಇಲ್ಲದ ಸ್ಟೆಪ್ನಿಯ ಕುರಿತು ದೂರು

ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಹಳೆಯ ಟೈರ್ ಹಾಕಿದ ವಾಹನ ಕೊಟ್ಟದ್ದು, ಸಹಾಯವಾಣಿಯಲ್ಲಿ ಅವಮಾನಿಸಿದ್ದು ಮತ್ತು ಠೇವಣಿಯಲ್ಲಿ ಹಣ ಮುರಿದುಕೊಂಡದ್ದು.

ಮಾನ್ಯರೇ,

ಫೋನಿನಲ್ಲಿ ವಿನಯದಿಂದ ಕೇಳಿದ್ದಾಯಿತು, ಇಮೇಲ್‌ನಲ್ಲಿ ವಿನಂತಿಸಿಕೊಂಡದ್ದೂ ಆಯಿತು. ಪ್ರತಿ ಸಲವೂ ‘ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಿದ್ದೇವೆ’ ಎಂಬ ಉತ್ತರ ಬಂತೇ ಹೊರತು ಆ ವಿಭಾಗ ಯಾವುದೆಂದು ಇಂದಿಗೂ ತಿಳಿಯಲಿಲ್ಲ. ನಿನ್ನೆ ಕೈಸೇರಿದ ನಿಮ್ಮ ಪತ್ರದಲ್ಲಿ, ಟೈರ್ ಸಿಡಿದದ್ದಕ್ಕೆ ‘ಚಾಲಕನ ಅಜಾಗರೂಕತೆ’ಯೇ ಕಾರಣವೆಂದು ತೀರ್ಮಾನಿಸಿ, ಠೇವಣಿಯ ಬಹುಪಾಲನ್ನು ಮುರಿದುಕೊಂಡಿರುವುದಾಗಿ ತಿಳಿಸಿದ್ದೀರಿ. ಇನ್ನು ಫೋನ್ ಮಾಡುವುದರಲ್ಲಿ ಅರ್ಥವಿಲ್ಲವೆಂದು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಕರಾರಿನ ನಿಯಮಗಳು ನಿಮಗೆ ತಿಳಿದೇ ಇರುವುದರಿಂದ ಅವನ್ನು ಇಲ್ಲಿ ವಿವರಿಸುವುದಿಲ್ಲ. ವಾಹನ ಕೊಡುವ ಮುನ್ನ ಟೈರುಗಳ ಸ್ಥಿತಿಯನ್ನೂ ಗಾಳಿಯ ಒತ್ತಡವನ್ನೂ ಪರೀಕ್ಷಿಸುವ ಹೊಣೆ ಯಾರದೆಂಬುದು ಅದರಲ್ಲೇ ಇದೆ. ನಿಮ್ಮ ಸಿಬ್ಬಂದಿ ಸಹಿ ಮಾಡಿಕೊಟ್ಟ ಪಟ್ಟಿಯಲ್ಲಿ ಆರೂ ಟೈರುಗಳ ಮುಂದೆ ‘ಸರಿ’ ಎಂಬ ಗುರುತಿದೆ. ಆದರೆ ಹಿಂಬದಿಯ ಜೋಡಿ ಚಕ್ರಗಳಲ್ಲಿ ಒಳಗಿನದು ಹೊರಗಿನದರ ಮರೆಯಲ್ಲಿರುತ್ತದೆ. ಈ ವಾಹನದಲ್ಲಿ ವಾಲ್ವ್‌ಗೆ ಉದ್ದನೆಯ ಕೊಳವೆ ಜೋಡಿಸದ ಹೊರತು ಗೇಜ್ ಅಲ್ಲಿಗೆ ತಲುಪುವುದಿಲ್ಲ, ಆ ಕೊಳವೆ ಇರಲೇ ಇಲ್ಲ. ಒಳಟೈರಿನ ಗಾಳಿಯನ್ನು ನಿಮ್ಮ ಸಿಬ್ಬಂದಿ ಯಾವ ದಿವ್ಯದೃಷ್ಟಿಯಿಂದ ಅಳೆದರೋ ತಿಳಿಯದು.

ಅಂದು ನಮ್ಮ ಪ್ರವಾಸದಲ್ಲೇ ಅತಿ ಉದ್ದದ ದಾರಿ ಕ್ರಮಿಸಬೇಕಾದ ದಿನವಾಗಿತ್ತು. ವಯಸ್ಸಾದ ತಾಯಿ, ಹೆಂಡತಿ ಮತ್ತು ಮಕ್ಕಳೊಡನೆ ಬೆಳಿಗ್ಗೆ ಬೇಗ ಹೊರಟು, ಕತ್ತಲಾಗುವುದರೊಳಗೆ ತಂಗುದಾಣ ಸೇರಬೇಕೆಂದುಕೊಂಡಿದ್ದೆವು. ಜೋಡಿ ಟೈರುಗಳಲ್ಲಿ ಒಂದರ ಗಾಳಿ ಇಳಿದರೆ ಅದರ ಭಾರವನ್ನು ಪಕ್ಕದ್ದು ಹೊತ್ತುಕೊಳ್ಳುವುದರಿಂದ ವಾಹನ ವಾಲುವುದಿಲ್ಲ, ಸ್ಟೀರಿಂಗ್ ಹಿಡಿದವನಿಗೆ ಸುಳಿವೂ ಸಿಗುವುದಿಲ್ಲ. ಅಷ್ಟರಲ್ಲಿ ಗಾಳಿಯಿಲ್ಲದ ಟೈರಿನ ಬದಿಯ ರಬ್ಬರ್ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯಾಗುತ್ತಿರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಸಿಡಿಯಿತು. ಕಿತ್ತುಬಂದ ರಬ್ಬರ್ ಪಟ್ಟಿ ಚಕ್ರದೊಂದಿಗೆ ಸುತ್ತುತ್ತ, ಮೇಲಿನ ಮಡ್‌ಗಾರ್ಡನ್ನೂ ಬಚ್ಚಲ ನೀರಿನ ಕೊಳವೆಯನ್ನೂ ಬಡಿದು ಹರಿದುಹಾಕಿತು. ವಾಹನವನ್ನು ನಿಧಾನಕ್ಕೆ ರಸ್ತೆಯಂಚಿಗೆ ತಂದು ನಿಲ್ಲಿಸಿ, ಎಲ್ಲರನ್ನೂ ತಡೆಬೇಲಿಯ ಆಚೆಗೆ ಕಳುಹಿಸಿ, ‘ದಿನದ 24 ಗಂಟೆಯೂ ನಿಮ್ಮೊಂದಿಗೆ’ ಎಂದು ಕೀಲಿಕೈ ಗೊಂಚಲಿನ ಮೇಲೆ ಮುದ್ರಿಸಿರುವ ಸಂಖ್ಯೆಗೆ ಕರೆ ಮಾಡಿದೆ.

ಆ ಸಂಭಾಷಣೆಯನ್ನು ಯಥಾವತ್ತಾಗಿ ದಾಖಲಿಸುತ್ತೇನೆ. ನಿಮ್ಮ ಪ್ರತಿನಿಧಿಯ ಮೊದಲ ಪ್ರಶ್ನೆ: “ಸರ್, ವಾಹನ ಈಗ ಓಡುತ್ತಿದೆಯೇ?” ಇಲ್ಲ, ಟೈರ್ ಸಿಡಿದು ನಿಂತಿದೆ ಎಂದೆ. “ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಓಡಿಸಿದಿರಾ?” ಇಲ್ಲ ಎಂದೆ. “ಹಾಗಾದರೆ ಹಿಂದಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ ಹಾಕಿಕೊಂಡು ಮುಂದುವರಿಯಿರಿ.” ಡಿಕ್ಕಿ ತೆರೆದು ನೋಡಿದೆ. ನೀರಿನ ಪೈಪು, ವಿದ್ಯುತ್ ಕೇಬಲ್, ಚಕ್ರದಡಿ ಇಡುವ ಹಳದಿ ಪ್ಲಾಸ್ಟಿಕ್ ಬೆಣೆಗಳು, ಒಂದು ಕಾಲು ಮುರಿದ ಮಡಿಸುವ ಕುರ್ಚಿ. ಸ್ಟೆಪ್ನಿ ಇಲ್ಲ, ಅದನ್ನಿಡುವ ಜಾಗವೂ ಇಲ್ಲ. ಹಾಗೆಂದು ತಿಳಿಸಿದೆ. “ನಮ್ಮ ಕಂಪ್ಯೂಟರಿನಲ್ಲಿ ಇದೆ ಎಂದು ತೋರಿಸುತ್ತಿದೆ, ಇನ್ನೊಮ್ಮೆ ನೋಡಿ.” ಇನ್ನೊಮ್ಮೆ ನೋಡಿದೆ. ಆಗ ಅವರು ಒಂದು ಕ್ಷಣ ಸುಮ್ಮನಿದ್ದು, “ಸರ್, ದಾರಿಯಲ್ಲಿ ಅದನ್ನು ಎಲ್ಲಾದರೂ ಇಳಿಸಿದಿರಾ? ಮಾರಿದ್ದರೆ ಈಗಲೇ ಹೇಳಿಬಿಡಿ, ಆಮೇಲೆ ನಿಮಗೇ ತೊಂದರೆ” ಎಂದರು. ಫೋನ್ ಸ್ಪೀಕರಿನಲ್ಲಿತ್ತು; ಲಾರಿಗಳ ಸದ್ದಿನ ನಡುವೆ ಬೇರೆ ರೀತಿಯಲ್ಲಿ ಕೇಳಿಸುತ್ತಿರಲಿಲ್ಲ. ನನ್ನ ಮಕ್ಕಳು ಕೇಳಿಸಿಕೊಂಡರು. ಎಂದೂ ಇರದ ಸ್ಟೆಪ್ನಿಯನ್ನು ಹೆದ್ದಾರಿಯಲ್ಲಿ ಮಾರಿ ಲಾಭ ಮಾಡಿಕೊಳ್ಳುವಷ್ಟು ಜಾಣ್ಮೆ ನನ್ನಲ್ಲಿದ್ದಿದ್ದರೆ, ನಿಮ್ಮಲ್ಲಿ ವಾಹನ ಬಾಡಿಗೆಗೆ ಪಡೆಯುವ ಪ್ರಮೇಯ ಬರುತ್ತಿರಲಿಲ್ಲ.

ತಾಯಿಯವರ ಔಷಧ ಫ್ರಿಜ್‌ನಲ್ಲಿದೆ, ಎಂಜಿನ್ ನಿಂತರೆ ಅದಕ್ಕೆ 12 ವೋಲ್ಟ್ ವಿದ್ಯುತ್ ಹೋಗುವುದಿಲ್ಲ ಎಂದಾಗ “ಗ್ಯಾಸಿಗೆ ತಿರುಗಿಸಿ” ಎಂಬ ಸಲಹೆ ಬಂತು. ಗ್ಯಾಸಿನಿಂದಲೂ ಓಡುವ ಇಂಥ ಫ್ರಿಜ್‌ಗಳು ಸಮತಟ್ಟಾಗಿ ನಿಲ್ಲದಿದ್ದರೆ ಸರಿಯಾಗಿ ತಂಪಾಗುವುದಿಲ್ಲವೆಂದು ವಾಹನದೊಂದಿಗೆ ನೀವೇ ಕೊಟ್ಟ ಕೈಪಿಡಿಯಲ್ಲಿದೆ. ನಾವು ನಿಂತಿದ್ದದ್ದು ಇಳಿಜಾರಿನ ಅಂಚಿನಲ್ಲಿ.

ಕತ್ತಲಾದ ಮೇಲೆ ಬಂದ ಮೆಕ್ಯಾನಿಕ್, ಪಾಪ, ಸಜ್ಜನರು. ಕಳಚಿದ ಟೈರಿನ ಮೇಲೆ ಟಾರ್ಚ್ ಬಿಟ್ಟು ತೋರಿಸಿದರು: ಅಂಡಾಕಾರದ ಚೌಕಟ್ಟಿನೊಳಗೆ 2312 ಎಂಬ ಅಂಕಿ. ಅಂದರೆ 2012ರ 23ನೇ ವಾರದಲ್ಲಿ ತಯಾರಾದ ಟೈರ್. ಮೋಟಾರ್‌ಹೋಮ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ ಟೈರಿನ ಗೀರುಗಳು ಸವೆಯದೆ ಹೊಸದರಂತೆಯೇ ಉಳಿದಿರುತ್ತವೆ, ರಬ್ಬರ್ ಮಾತ್ರ ಬಿಸಿಲಿಗೂ ಗಾಳಿಗೂ ಒಣಗಿ ಬಿರುಕು ಬಿಡುತ್ತದೆ. ಗೀರು ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ಬಳಸಬಾರದೆಂದು ಟೈರ್ ಕಂಪನಿಗಳೇ ಹೇಳುತ್ತವೆ. ಇಂಥ ವಾಹನಗಳನ್ನೇ ಬಾಡಿಗೆಗೆ ಕೊಟ್ಟು ಬದುಕುವ ನಿಮಗೆ ಇದು ಗೊತ್ತಿಲ್ಲವೆಂದು ನಂಬುವಷ್ಟು ಮುಗ್ಧ ನಾನಲ್ಲ. ಆದರೂ ಟೈರಿನ ಬೆಲೆ, ಮಡ್‌ಗಾರ್ಡ್, ಕೊಳವೆ, ಕಡೆಗೆ ‘ಕಾಣೆಯಾದ ಸ್ಟೆಪ್ನಿ’ಯ ಬೆಲೆಯನ್ನೂ ನನ್ನ ಲೆಕ್ಕಕ್ಕೆ ಬರೆದಿದ್ದೀರಿ.

ಠೇವಣಿಯನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಕೇಳುತ್ತಿದ್ದೇನೆ, ಕೊಡುತ್ತೀರೆಂಬ ಭ್ರಮೆಯೇನೂ ಇಲ್ಲ. ‘ಗುಣಮಟ್ಟದ ದೃಷ್ಟಿಯಿಂದ ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ’ ಎಂದು ನೀವೇ ಘೋಷಿಸಿದ ಆ ಮುದ್ರಿಕೆಯನ್ನು ಅಳಿಸದೆ ಇಟ್ಟುಕೊಳ್ಳಿ; ಗ್ರಾಹಕ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸುವಂತೆ ಕೋರುವವನಿದ್ದೇನೆ. ಅಂಕಿಯಿರುವ ಟೈರಿನ ತುಂಡು ನನ್ನ ಬಳಿಯೇ ಇದೆ. ಉಳಿದ ಐದು ಟೈರುಗಳ ಫೋಟೊಗಳೂ ಇವೆ, ಅವುಗಳಲ್ಲಿ ಮೂರರ ಮೇಲೆ ಅದೇ 2312 ಇದೆ. ಅದೇ ವಾಹನ ಮುಂದಿನ ವಾರಕ್ಕೆ ‘ಲಭ್ಯವಿದೆ’ ಎಂದು ನಿಮ್ಮ ಜಾಲತಾಣದಲ್ಲಿ ಕಂಡದ್ದರಿಂದ, ಈ ಪತ್ರದ ಪ್ರತಿಯನ್ನು ಫೋಟೊಗಳ ಸಮೇತ ಸಾರಿಗೆ ಅಧಿಕಾರಿಗಳಿಗೂ ನಿಮ್ಮ ವಿಮಾ ಕಂಪನಿಗೂ ಇಂದೇ ಅಂಚೆಗೆ ಹಾಕುತ್ತಿದ್ದೇನೆ. ಅವರು ಬಂದಾಗ ಸ್ಟೆಪ್ನಿ ಎಲ್ಲಿದೆಯೆಂದು ನೀವೇ ತೋರಿಸಬಹುದು.

ಇಂತಿ,
ಇನ್ನು ನಿಮ್ಮ ಗ್ರಾಹಕನಲ್ಲದ ಒಬ್ಬ ಬಾಡಿಗೆದಾರ