ಮೊಮ್ಮಗಳಿಗೆ, ಕತ್ತಲೆಯ ಒಂದು ಪದದ ಬಗ್ಗೆ

ಕೊಪ್ಪಳ

ಚಿ. ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀನು ಕಳಿಸಿದ ಪದ್ಯ ಓದಿದೆ. ಹೊಲಕ್ಕೆ ಹೊರಟ ಹೆಣ್ಣುಮಕ್ಕಳು, ಅವರ ಬುತ್ತಿಗಂಟು, ಸೊಂಟಕ್ಕೆ ಸಿಗಿಸಿದ ಕುಡಗೋಲು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಸಾಲಿನ ಹತ್ತಿರ ಮಾತ್ರ ನಿಂತೆ. 'ಸಂತಮಸಗತ್ತಲೆಯ ನಸುಕಿನಲಿ' ಅಂತ ಬರೆದಿದ್ದೀಯ. ಯಾರೂ ಬಳಸದ ಪದ, ಹಾಕಿದರೆ ಪದ್ಯಕ್ಕೆ ತೂಕ ಬರುತ್ತದೆ ಅಲ್ವಾ ಅಂತ ಕೇಳಿದ್ದೀಯ. ಆ ಪದ ನನಗೂ ಬಹಳ ಇಷ್ಟ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಮರಸಿಂಹನ ಸಂಸ್ಕೃತ ನಿಘಂಟು ಅಮರಕೋಶದಲ್ಲಿ ಕತ್ತಲೆಯ ಹೆಸರುಗಳು ಬರುವುದು ಪಾತಾಳದ ಭಾಗದಲ್ಲಿ. ಮೊದಲು ತೂತು, ಕುಣಿ ಇವುಗಳ ಹೆಸರು. ಆಮೇಲೆ ಕತ್ತಲೆ. ಅದು ಮುಗಿದ ಕೂಡಲೇ ಹಾವು! ಅಂಧಕಾರ, ಧ್ವಾಂತ, ತಮಿಸ್ರ, ತಿಮಿರ, ತಮಸ್ಸು, ಈ ಐದನ್ನು ಒಟ್ಟಿಗೆ ಹೇಳಿಬಿಡುತ್ತಾನೆ. ಆಮೇಲೆ ಮೂರನ್ನು ಬೇರೆ ಮಾಡುತ್ತಾನೆ. ದಟ್ಟ ಕತ್ತಲೆಗೆ ಅಂಧತಮಸ. ತೆಳು ಕತ್ತಲೆಗೆ ಅವತಮಸ. ಎಲ್ಲ ಕಡೆಗೂ ಹಬ್ಬಿಕೊಂಡ ಕತ್ತಲೆಗೆ ಸಂತಮಸ. ಅಂದರೆ ಇವು ಒಂದರ ಬದಲು ಇನ್ನೊಂದು ಹಾಕುವ ಪದಗಳಲ್ಲ ಮಗಳೇ. ಬೇರೆ ಬೇರೆ ಕತ್ತಲೆಗಳು.

ನಮ್ಮ ಹಳೇ ಮನೆಯ ಮುಂದೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ, ಇತ್ತು. ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆಯುತ್ತಿದ್ದರು. ಕಾಳು ತೆಗೆಯುವ ದಿನ ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಡಬೇಕು. ಒಳಗಿನ ಗಾಳಿ ಕೆಟ್ಟಿರುತ್ತದೆ, ಸುಮ್ನೆ ಇಳಿದರೆ ಜೀವಕ್ಕೇ ಅಪಾಯ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ನಾವು ಹುಡುಗರು ಅಂಚಿನಲ್ಲಿ ಬಕ್ಕಬೋರಲು ಮಲಗಿ ಇಣುಕುತ್ತಿದ್ದೆವು. ಕಂದೀಲಿನ ಸುತ್ತ ಒಂದಿಷ್ಟು ಜೋಳ ಕಾಣುತ್ತಿತ್ತು. ಅದರಾಚೆ ಏನೂ ಇಲ್ಲ. ಕಂದೀಲು ಮೇಲೆಳೆದರೆ ಆ ಜೋಳವೂ ಇಲ್ಲ. ಅಂಧತಮಸ ಅಂದರೆ ಅದು.

ಸಂತಮಸ ಬೇರೆ. ಅಮಾವಾಸ್ಯೆ ರಾತ್ರಿ ಹೊಲದಲ್ಲಿ ನಿಂತಿದ್ದೀಯ, ಊರಿನ ಕರೆಂಟೂ ಹೋಗಿದೆ ಅಂತ ಇಟ್ಟುಕೋ. ಯಾವ ಕಡೆ ತಿರುಗಿದರೂ ಅದೇ. ಅದಕ್ಕೆ ಅಂಚಿಲ್ಲ, ಬಾಯಿಲ್ಲ. ಹಗೇವಿನ ಕತ್ತಲೆಗೆ ಈ ಪದ ಒಪ್ಪುವುದಿಲ್ಲ, ಯಾಕೆಂದರೆ ಅದು ಹಗೇವಿನ ಒಳಗಷ್ಟೇ ಇದೆ.

ನಿನ್ನ ಪದ್ಯದ ಹೆಣ್ಣುಮಕ್ಕಳು ಹೊರಟಿರುವುದು ನಸುಕಿನಲ್ಲಿ. ಎದುರಿಗೆ ಯಾರೋ ಬರುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಹತ್ತಿರ ಬಂದು 'ಯಾರವ್ವಾ ಅದು' ಅಂದ ಮೇಲೇ ಗುರುತು. ಅದು ಅವತಮಸ. ನಮ್ಮ ಮಾತಿನಲ್ಲಿ ಮಬ್ಬುಗತ್ತಲೆ. ಅಲ್ಲಿ ಸಂತಮಸ ತಂದರೆ ನೀನು ಅಷ್ಟು ಚೆಂದ ತೋರಿಸಿದ ಬುತ್ತಿಗಂಟೂ ಕಾಣಬಾರದು, ಕುಡಗೋಲೂ ಕಾಣಬಾರದು.

ಇನ್ನೊಂದು ಮಾತು. 'ಸಂತಮಸ'ಕ್ಕೆ 'ಕತ್ತಲೆ' ಸೇರಿಸಿದ್ದೀಯ. ಅರ್ಥ ಎರಡು ಸಲ ಬಂತು. ಮೇಲಾಗಿ ಸಂಸ್ಕೃತ ಪದಕ್ಕೆ ಕನ್ನಡ ಪದ ಹೊಲಿದು ಅರಿಸಮಾಸವೂ ಆಯಿತು. ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ ಕವಿರಾಜಮಾರ್ಗ ಇಂಥದ್ದನ್ನು ಬೇಡ ಅನ್ನುತ್ತದೆ. ಕನ್ನಡದ ತಿರುಳು ಯಾವ ಸೀಮೆಯದು ಅಂತ ಹೇಳುವಾಗ ಅದೇ ಪುಸ್ತಕ, 9ನೇ ಶತಮಾನದಲ್ಲಿ, ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ ನಮ್ಮ ಕೊಪಣವನ್ನೂ, ಅಂದರೆ ಈ ಕೊಪ್ಪಳವನ್ನೂ, ಹೆಸರಿಸಿದೆ. ಆ ಊರಿನ ಹುಡುಗಿ ನೀನು. 'ಕಗ್ಗತ್ತಲೆ' ನೋಡು: ಕರಿದು, ಕತ್ತಲೆ, ಎರಡೂ ಕನ್ನಡ, ಹೇಗೆ ಕೂಡಿಕೊಂಡಿವೆ! ಕತ್ತಲೆ ಅನ್ನುವುದೂ ಹಳಗನ್ನಡದಲ್ಲಿ 'ಕೞ್ತಲೆ' ಆಗಿತ್ತು. 'ಕೞ್ತೆ' ಕತ್ತೆ ಆಯಿತಲ್ಲ, ಅದೇ ದಾರಿಯಲ್ಲಿ ಇದೂ ಬಂತು.

ರೂಪದ ಬಗ್ಗೆಯೂ ಹೇಳಿಬಿಡುತ್ತೇನೆ. ಸಂತಮಸ್ಸು, ಅವತಮಸ್ಸು ಅಂತ ಬರೆಯಬೇಡ. ತಮಸ್ಸು ಸರಿ. ಆದರೆ ಅವ, ಸಂ, ಅಂಧ ಈ ಮೂರರಲ್ಲಿ ಒಂದು ಅದಕ್ಕೆ ಮೊದಲು ಬಂದರೆ ಅದು 'ತಮಸ' ಆಗುತ್ತದೆ. ಈ ಮೂರಕ್ಕೇ ಅಂತ ಪಾಣಿನಿ ಒಂದು ಸೂತ್ರ ಬರೆದಿದ್ದಾನೆ. 'ಅಂಧಂ ತಮಃ' ಅಂತ ಈಶಾವಾಸ್ಯ ಉಪನಿಷತ್ತಿನಲ್ಲಿ ಬರುವುದು ಸಮಾಸವಲ್ಲ, ಎರಡು ಬಿಡಿ ಪದ.

ಅದರಿಂದಲೇ ಬಂದ 'ಅಂಧಂತಮಸ್ಸು' ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ರಾಯಚೂರು ಸೀಮೆ ದಾಸರ ನಾಡು. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ನಡೆದ ಮಧ್ವಮತದಲ್ಲಿ ಅಂಧಂತಮಸ್ಸು ಅಂದರೆ ಬರೀ ಕತ್ತಲೆಯಲ್ಲ. ಹರಿದ್ವೇಷಿಗಳು ಕೊನೆಗೆ ಸೇರುವ, ಮರಳಿ ಬರಲಾರದ ನರಕ. ಕರೆಂಟು ಹೋದದ್ದಕ್ಕೆ ನೀನು ಆ ಪದ ಹಾಕಿದರೆ ಅಲ್ಲಿನ ಹಿರಿಯರಿಗೆ ಕಸಿವಿಸಿ ಆಗುತ್ತದೆ. ಹಾಗೇ ತಿಮಿರ ಅನ್ನುವುದು ಆಯುರ್ವೇದದಲ್ಲಿ ಒಂದು ಕಣ್ಣಿನ ರೋಗದ ಹೆಸರೂ ಹೌದು. ಕಣ್ಣು ಮಂಜಾದ ಮುದುಕಿಯ ಬಗ್ಗೆ ಎಂದಾದರೂ ಬರೆದರೆ ಆ ಪದ ಎರಡೂ ಅರ್ಥ ಕೊಡುತ್ತದೆ. ಅಲ್ಲಿ ಧೈರ್ಯವಾಗಿ ಬಳಸು.

ಅಪರೂಪದ ಪದ ಬೇಡ ಅಂತ ನಾನು ಹೇಳುತ್ತಿಲ್ಲ. ಸಂತಮಸ ನಿನ್ನ ಹತ್ತಿರ ಇರಲಿ. ಅದು ಬೇಕಾಗುವ ಪದ್ಯ ಬಂದಾಗ ತೆಗೆ. ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಇದೆಯಾ ಕೇಳು. ಅದರಲ್ಲಿ ಅರ್ಥದ ಜೊತೆಗೆ ಹಳೆಯ ಕವಿಗಳು ಬಳಸಿದ ಸಾಲೂ ಇರುತ್ತದೆ. ಅರ್ಥಕ್ಕಿಂತ ಆ ಸಾಲುಗಳನ್ನು ನಿಧಾನವಾಗಿ ಓದು.

ಈಗ ಈ ಸಾಲಿಗೆ 'ಮಬ್ಬುಗತ್ತಲೆ' ಹಾಕಿ ಒಮ್ಮೆ ಗಟ್ಟಿಯಾಗಿ ಓದಿ ನೋಡು. ಮಾತ್ರೆ ಕೂಡದಿದ್ದರೆ 'ನಸುಕು' ಒಂದೇ ಸಾಕಾಗಬಹುದು. ತಿದ್ದಿದ ಮೇಲೆ ಫೋನ್ ಮಾಡಿ ಪೂರ್ತಿ ಪದ್ಯ ನನಗೆ ಓದಿ ಹೇಳು. ನಿಮ್ಮಜ್ಜಿಯೂ ಕೇಳಬೇಕಂತೆ. ಗವಿಮಠದ ಜಾತ್ರೆಗೆ ರಜೆ ಸಿಗುತ್ತದೋ ಇಲ್ಲವೋ ಅದನ್ನೂ ತಿಳಿಸು.

ಇಂತಿ ನಿನ್ನ ಅಜ್ಜ